ಡಿವೋರ್ಸ್ ಡಿಕ್ರಿ ನಕಲು: ಕೋರ್ಟ್ ಯಾವುದು, ನಂಬರ್ ಎಷ್ಟು?

ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ: "ಡಿವೋರ್ಸ್ ಸರ್ಟಿಫಿಕೇಟ್ ಎಲ್ಲಿ ಕೊಡ್ತಾರ್ರೀ?" ಎಲ್ಲಿಯೂ ಕೊಡುವುದಿಲ್ಲ. ಅಂಥದ್ದೊಂದು ಸರ್ಟಿಫಿಕೇಟೇ ಇಲ್ಲ. ಮದುವೆ ನೋಂದಣಿಗೆ ಸಬ್‌ರಿಜಿಸ್ಟ್ರಾರ್ ಕಚೇರಿ ಇದೆ, ಜನನ-ಮರಣಕ್ಕೆ ಪಾಲಿಕೆ ಇದೆ. ಕೋರ್ಟಿನಲ್ಲಿ ಆದ ವಿಚ್ಛೇದನಕ್ಕೆ ಇರುವುದು ಆ ಕೋರ್ಟಿನ ತೀರ್ಪು ಮತ್ತು ಡಿಕ್ರಿ (ಆದೇಶದ ಸಾರ ಇರುವ ಪತ್ರ), ಅಷ್ಟೇ. ನಾಡಕಚೇರಿ, ತಹಶೀಲ್ದಾರ್ ಕಚೇರಿ, ಪಾಲಿಕೆಯ ಕೌಂಟರ್ ಸುತ್ತಿ ಚಪ್ಪಲಿ ಸವೆಸಬೇಡಿ.

ಪ್ರಶ್ನೆ: 2008ರ ಸುಮಾರಿಗೆ ನನ್ನ ಡಿವೋರ್ಸ್ ಆಯಿತು. ಕೇಸ್ ನಂಬರ್ ಗೊತ್ತಿಲ್ಲ, ವಕೀಲರು ತೀರಿಕೊಂಡಿದ್ದಾರೆ. ಮದುವೆ ಗದಗಿನಲ್ಲಿ, ಸಂಸಾರ ಹುಬ್ಬಳ್ಳಿಯಲ್ಲಿ, ತವರು ರಾಣೆಬೆನ್ನೂರು. ಕೋರ್ಟುಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಹುಡುಕಿದರೆ ಏನೂ ಬರುವುದಿಲ್ಲ. ಈಗ ಡಿಕ್ರಿ ತುರ್ತಾಗಿ ಬೇಕು.

ತುರ್ತು ನಿಮಗೆ, ದಾಖಲೆ ಕೊಠಡಿಗಲ್ಲ. ಕ್ರಮವಾಗಿ ಹೋಗಿ.

ಮೊದಲು ಕೇಸು ಯಾವ ಕೋರ್ಟಿನಲ್ಲಿತ್ತು ಎಂಬುದನ್ನು ಹಿಡಿಯಬೇಕು. ಹಿಂದೂ ವಿವಾಹ ಕಾಯ್ದೆಯ 19ನೇ ಕಲಂ ಪ್ರಕಾರ ಅರ್ಜಿ ಹಾಕಬಹುದಾದ ಮುಖ್ಯ ಜಾಗಗಳು ಇವು: ಮದುವೆಯಾದ ಊರು, ಎದುರುದಾರರು ವಾಸವಿದ್ದ ಊರು, ಗಂಡ-ಹೆಂಡತಿ ಕೊನೆಯದಾಗಿ ಕೂಡಿ ಇದ್ದ ಊರು, ಹೆಂಡತಿಯೇ ಅರ್ಜಿದಾರಳಾಗಿದ್ದರೆ ಆಕೆ ಇರುವ ಊರು. ಕೊನೆಯದು ಕಾಯ್ದೆಗೆ ಸೇರಿದ್ದು 2003ರ ಡಿಸೆಂಬರ್ 23ರಿಂದ. ನಿಮ್ಮದು ಅದರ ನಂತರದ ಕೇಸಾದರೆ ಗದಗ, ಹುಬ್ಬಳ್ಳಿ, ರಾಣೆಬೆನ್ನೂರು ಮೂರೂ ಲೆಕ್ಕಕ್ಕೆ ಬರುತ್ತವೆ. ಅದಕ್ಕಿಂತ ಮೊದಲು ನೀವೇ ಹಾಕಿದ್ದಾದರೆ ರಾಣೆಬೆನ್ನೂರನ್ನು ಬಿಡಬಹುದು. ಗಂಡ ಹಾಕಿದ್ದಾದರೆ ಬಿಡುವಂತಿಲ್ಲ, ಏಕೆಂದರೆ ಆಗ ಎದುರುದಾರರು ನೀವು. ಹಾಗಾಗಿ ಅರ್ಜಿ ಹಾಕಿದ್ದು ಯಾರು ಎಂಬುದನ್ನು ಮೊದಲು ನೆನಪು ಮಾಡಿಕೊಳ್ಳಿ.

ಊರು ಗೊತ್ತಾದರೂ ಕೆಲಸ ಮುಗಿಯಲಿಲ್ಲ. ಈಗ ಕೌಟುಂಬಿಕ ನ್ಯಾಯಾಲಯ ಇದೆಯೆಂದು ಎಲ್ಲರೂ ನೇರ ಅಲ್ಲಿಗೇ ಹೋಗುತ್ತಾರೆ. ಅದು ಬರುವ ಮೊದಲು ಈ ಕೇಸುಗಳು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ನಡೆಯುತ್ತಿದ್ದವು. ಕೌಟುಂಬಿಕ ನ್ಯಾಯಾಲಯ ಶುರುವಾದ ದಿನ ವಿಚಾರಣೆಯಲ್ಲಿದ್ದ ಕೇಸುಗಳು ಅಲ್ಲಿಗೆ ವರ್ಗವಾದವು. ಹಾಗೆ ವರ್ಗವಾದದ್ದಕ್ಕೆ ಹೊಸ ನಂಬರ್ ಬಿದ್ದಿರುತ್ತದೆ. ಅದಕ್ಕೂ ಮೊದಲೇ ತೀರ್ಪಾಗಿದ್ದವು ಹಳೆಯ ಕೋರ್ಟಿನ ದಾಖಲೆಯಾಗಿಯೇ ಉಳಿದವು. ಕೌಟುಂಬಿಕ ನ್ಯಾಯಾಲಯದ ಗುಮಾಸ್ತರು "ನಮ್ಮಲ್ಲಿಲ್ಲ" ಎಂದರೆ ಕಡತ ಕಳೆದುಹೋಗಿದೆ ಎಂದು ಅಳುತ್ತ ಬರಬೇಡಿ, ಹಿರಿಯ ಸಿವಿಲ್ ನ್ಯಾಯಾಲಯದಲ್ಲಿ ಕೇಳಿ.

ಇನ್ನು ನಂಬರ್. ವಿಚ್ಛೇದನದ ಕೇಸಿಗೆ ನಮ್ಮಲ್ಲಿ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ನಂಬರ್ ಇರುತ್ತದೆ, ಮುಂದೆ ವರ್ಷ: ಎಂ.ಸಿ. ಇಷ್ಟು/2006. ಈ ವರ್ಷ ಅರ್ಜಿ ದಾಖಲಾದ ವರ್ಷ, ತೀರ್ಪಿನ ವರ್ಷವಲ್ಲ. ನೀವು ಇ-ಕೋರ್ಟ್ಸ್‌ನಲ್ಲಿ ಎಡವಿದ್ದು ಬಹುಶಃ ಇಲ್ಲೇ. 2008ರಲ್ಲಿ ತೀರ್ಪಾಗಿದ್ದರೆ 2005ರಿಂದ 2008ರವರೆಗೆ ಒಂದೊಂದೇ ವರ್ಷ ಹಾಕಿ ನೋಡಿ. 'ಬಾಕಿ' ಎಂಬುದನ್ನು ತೆಗೆದು 'ವಿಲೇವಾರಿ' ಆಯ್ಕೆ ಮಾಡಿ. ಪೂರ್ತಿ ಹೆಸರು ಬೇಡ, ಇಂಗ್ಲಿಷಿನಲ್ಲಿ ಮೊದಲ ನಾಲ್ಕೈದು ಅಕ್ಷರ ಸಾಕು. ಬಸವರಾಜನ ಕೊನೆಗೆ ಒಬ್ಬ ಗುಮಾಸ್ತ 'ಎ' ಸೇರಿಸಿರುತ್ತಾನೆ, ಇನ್ನೊಬ್ಬ ಬಿಟ್ಟಿರುತ್ತಾನೆ. ಗಂಡನ ಹೆಸರಿನಲ್ಲೂ ಹುಡುಕಿ. ಸಿಕ್ಕರೆ ಎಂ.ಸಿ. ನಂಬರಿನ ಜೊತೆ ಆ ಕೇಸಿಗೆ ಮಾತ್ರ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರನ್ನೂ ಬರೆದಿಟ್ಟುಕೊಳ್ಳಿ. ಹಳೆಯ ಕೇಸುಗಳೆಲ್ಲ ಕಂಪ್ಯೂಟರಿಗೆ ಏರಿಲ್ಲ, ಆದ್ದರಿಂದ ಅಲ್ಲಿ ಇಲ್ಲ ಎಂದ ಮಾತ್ರಕ್ಕೆ ಕೇಸೇ ಇಲ್ಲ ಎಂದಲ್ಲ.

ಜಾಲತಾಣ ಕೈಕೊಟ್ಟರೆ ಮನೆಯ ಟ್ರಂಕ್ ತೆಗೆಯಿರಿ. ಹಳೆಯ ಸಮನ್ಸ್, ವಕೀಲರ ರಸೀದಿ, ಎದುರುದಾರರು ಹಾಜರಾಗದೆ ಪತ್ರಿಕೆಯಲ್ಲಿ ಕೊಟ್ಟ ಸಮನ್ಸ್ ಪ್ರಕಟಣೆಯ ತುಣುಕು, ಎಲ್ಲದರ ಮೇಲೂ ನಂಬರ್ ಇರುತ್ತದೆ. ಜೀವನಾಂಶದ ಕೇಸು ಬೇರೆ ನಡೆದಿದ್ದರೆ ಆ ಕಡತದಲ್ಲಿ ಎಂ.ಸಿ. ನಂಬರ್ ಎಲ್ಲಾದರೂ ಬಂದೇ ಇರುತ್ತದೆ. ತೀರಿಕೊಂಡ ವಕೀಲರ ಜೂನಿಯರ್ ಯಾರು ಎಂದು ವಕೀಲರ ಸಂಘದಲ್ಲಿ ಕೇಳಿ. ಕಕ್ಷಿದಾರರ ಕಡತಗಳು ಸಾಮಾನ್ಯವಾಗಿ ಅವರ ಬಳಿ ಹೋಗಿರುತ್ತವೆ. ಏನೂ ಸಿಗದಿದ್ದರೆ ಇಬ್ಬರ ಪೂರ್ತಿ ಹೆಸರು ಮತ್ತು ಅಂದಾಜು ವರ್ಷ ಕೊಟ್ಟು ಎಂ.ಸಿ. ರಿಜಿಸ್ಟರ್ ಹುಡುಕಿಸಲು ಆಯಾ ಕೋರ್ಟಿಗೆ ಅರ್ಜಿ ಕೊಡಿ. "2000ದಿಂದ 2010ರ ಒಳಗೆ" ಎಂದು ಬರೆದರೆ ಯಾರೂ ಹುಡುಕುವುದಿಲ್ಲ. ಎರಡು ಮೂರು ವರ್ಷಕ್ಕೆ ಇಳಿಸಿಕೊಂಡು ಹೋಗಿ.

ನಂಬರ್ ಕೈಗೆ ಬಂದ ಮೇಲೆ ನಕಲು ಅರ್ಜಿ. ಕೋರ್ಟಿನ ಹೆಸರು, ಎಂ.ಸಿ. ನಂಬರ್, ಇಬ್ಬರ ಹೆಸರು, ತೀರ್ಪಿನ ದಿನಾಂಕ, ನೀವು ಅರ್ಜಿದಾರರೋ ಎದುರುದಾರರೋ, ಯಾವ ಯಾವ ಕಾಗದ ಬೇಕು ಎಂಬುದನ್ನು ಬರೆದು ಕೋರ್ಟ್ ಫೀ ಲೇಬಲ್ ಹಚ್ಚಿ ನಕಲು ಶಾಖೆಗೆ ಕೊಡಬೇಕು. ಬರೀ "ಡಿವೋರ್ಸ್ ಪೇಪರ್" ಎಂದು ಬರೆಯಬೇಡಿ. ತೀರ್ಪು ಬೇರೆ, ಡಿಕ್ರಿ ಬೇರೆ. ತೀರ್ಪಿನಲ್ಲಿ ಕಾರಣಗಳಿರುತ್ತವೆ, ಡಿಕ್ರಿ ಎಂದರೆ ಮದುವೆ ರದ್ದಾಯಿತು ಎಂಬ ಆದೇಶದ ಸಾರ. ಎರಡನ್ನೂ ಕೇಳಿ. ಪರಸ್ಪರ ಒಪ್ಪಿಗೆಯ ಕೇಸಾಗಿದ್ದರೆ ರಾಜಿ ಪತ್ರದ ನಕಲನ್ನೂ ಸೇರಿಸಿ, ಮಕ್ಕಳು ಮತ್ತು ಆಸ್ತಿಯ ಷರತ್ತು ಇರುವುದು ಅದರಲ್ಲೇ.

ಹೆಚ್ಚಿನವರು ಸೋಲುವುದು ಮುಂದಿನ ಹಂತದಲ್ಲಿ. ಅರ್ಜಿ ಕೊಟ್ಟು ಮನೆಗೆ ಹೋಗಿ ಫೋನಿಗಾಗಿ ಕಾಯುತ್ತಾರೆ. ಫೋನ್ ಬರುವುದಿಲ್ಲ. ದಾಖಲೆ ಕೊಠಡಿಯಿಂದ ಕಡತ ಬಂದ ಮೇಲೆ ಪುಟ ಎಣಿಸಿ ನಕಲಿನ ಶುಲ್ಕ ಎಷ್ಟೆಂದು ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ. ಗಡುವಿನೊಳಗೆ ಕಟ್ಟದಿದ್ದರೆ ಅರ್ಜಿ ವಜಾ, ಮತ್ತೆ ಮೊದಲಿನಿಂದ ಶುರು. ವಾರಕ್ಕೊಮ್ಮೆಯಾದರೂ ನಕಲು ಅರ್ಜಿಯ ನಂಬರ್ ಹಿಡಿದು ಹೋಗಿ ಬೋರ್ಡ್ ನೋಡಿ.

ನಕಲು ಬಂದಾಗ ಕೊನೆಯ ಪುಟದ ಮೊಹರು ನೋಡಿ: ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಒಂದರ ಕೆಳಗೊಂದು ಇರುತ್ತವೆ. ಮೇಲ್ಮನವಿಯ ಅವಧಿ ಲೆಕ್ಕ ಹಾಕಲು ಇವು ಬೇಕು. ಪುಟ ಪುಟಕ್ಕೂ ಮೊಹರು ಬಿದ್ದಿದೆಯೇ ನೋಡಿ. ಹೆಸರಿನ ಕಾಗುಣಿತವನ್ನು ಕೌಂಟರಿನ ಎದುರೇ ಓದಿ. ನಕಲು ಮಾಡುವಾಗ ಆದ ತಪ್ಪಾದರೆ ಶಾಖೆಯವರೇ ತಿದ್ದಿಕೊಡುತ್ತಾರೆ. ಮೂಲ ಡಿಕ್ರಿಯಲ್ಲೇ ತಪ್ಪಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಂ ಅಡಿ ತೀರ್ಪು ಕೊಟ್ಟ ಕೋರ್ಟಿಗೇ ಅರ್ಜಿ ಹಾಕಬೇಕು. ನೋಟರಿಯಿಂದ "ಎರಡೂ ಹೆಸರು ಒಬ್ಬರದೇ" ಎಂಬ ಅಫಿಡವಿಟ್ ಮಾಡಿಸಿದರೆ ಡಿಕ್ರಿ ತಿದ್ದಿದಂತಾಗುವುದಿಲ್ಲ.

ಈಗಷ್ಟೇ ಡಿಕ್ರಿ ಆದವರಿಗೆ ಒಂದು ಮಾತು. ಹಿಂದೂ ವಿವಾಹ ಕಾಯ್ದೆಯ 23(4)ನೇ ಕಲಂ ಪ್ರಕಾರ ವಿಚ್ಛೇದನದ ಡಿಕ್ರಿಯ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕು. ಅದನ್ನು ಆಗಲೇ ಕೇಳಿ ಪಡೆದು ಜೋಪಾನವಾಗಿಟ್ಟರೆ ಮೇಲಿನ ಪುರಾಣದ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ: ಆರ್‌ಟಿಐ ಹಾಕಿದರೆ 30 ದಿನದಲ್ಲಿ ಡಿಕ್ರಿ ಬರುತ್ತದಂತೆ?

ಬರುವುದಿಲ್ಲ. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದಂತೆಯೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ಪ್ರಶ್ನೆ: ಮಗಳಿಗೆ ಹಾವೇರಿ ಕಡೆಯ ವರ ಬಂದಾನ್ರೀ, ಎರಡನೇ ಸಂಬಂಧ. ಡಿವೋರ್ಸ್ ಆಗೇದ ಅಂತಾನ. ಅವನ ಕೇಸಿನ ಕಾಗದ ನಾವ ತಗಸಬಹುದೇನ್ರೀ?

ನೀವು ಕೇಸಿಗೆ ಹೊರಗಿನವರು. ಕಾರಣ ಹೇಳಿ ಅಫಿಡವಿಟ್ ಹಾಕಿ ಕೋರ್ಟಿನ ಅಪ್ಪಣೆ ಕೇಳಬೇಕಾಗುತ್ತದೆ. ದಾಂಪತ್ಯದ ಕೇಸುಗಳ ವಿಚಾರಣೆ ಗುಪ್ತವಾಗಿ ನಡೆಯುವಂಥದ್ದು, ವಿವರ ಪ್ರಕಟಿಸುವುದಕ್ಕೆ ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ತಡೆ ಹಾಕಿದೆ. ಅಷ್ಟೆಲ್ಲ ಏಕೆ? ವರನಿಗೇ ಹೇಳಿ, ದೃಢೀಕೃತ ನಕಲು ತರಲಿ. ವಾಟ್ಸ್ಆ್ಯಪ್ ಫೋಟೊ ಒಪ್ಪಬೇಡಿ. ಅದರ ಮೇಲಿನ ನಂಬರನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿ, ಕೇಸು ಡಿಕ್ರಿಯಾಗಿ ಮುಗಿಯಿತೋ ವಜಾ ಆಯಿತೋ ನೋಡಿ. ಧಾರವಾಡ ಹೈಕೋರ್ಟ್ ಪೀಠದಲ್ಲಿ ಮೇಲ್ಮನವಿ ಬಾಕಿ ಇದೆಯೇ ಎಂಬುದನ್ನೂ ನೋಡಿ. ಕಾಗದ ತರಲು ಹಿಂದೆ ಮುಂದೆ ನೋಡುವ ವರನಿಗೆ ನಾನಾದರೆ ಹೆಣ್ಣು ಕೊಡುವುದಿಲ್ಲ.

ಪ್ರಶ್ನೆ: ಹಿರಿಯರ ಮುಂದೆ ಬಾಂಡ್ ಪೇಪರಿನ ಮೇಲೆ ಸೋಡಚೀಟಿ (ವಿಚ್ಛೇದನ ಪತ್ರ) ಆಗಿದೆ, ನೋಟರಿಯೂ ಆಗಿದೆ. ಇದರ ದಾಖಲೆ ಕೋರ್ಟಿನಲ್ಲಿ ಸಿಗುತ್ತದೆಯೇ?

ಕೋರ್ಟಿಗೆ ಹೋಗದ ಕಾಗದ ಕೋರ್ಟಿನಲ್ಲಿ ಹೇಗೆ ಸಿಗಬೇಕು? ನೋಟರಿಗೆ ಮದುವೆ ಮುರಿಯುವ ಅಧಿಕಾರವಿಲ್ಲ. ವಿಚ್ಛೇದನ ಪತ್ರ ಮಾಡಿಕೊಡಬೇಡಿ ಎಂದು ಕೇಂದ್ರದ ಕಾನೂನು ವ್ಯವಹಾರಗಳ ಇಲಾಖೆ 2024ರ ಅಕ್ಟೋಬರಿನಲ್ಲಿ ನೋಟರಿಗಳಿಗೆ ತಾಕೀತು ಮಾಡಿದೆ. ಆದರೂ ಸಾವಿರಾರು ರೂಪಾಯಿ ಕಿತ್ತು ಇದನ್ನು ಬರೆದುಕೊಡುವವರು ಕೋರ್ಟಿನ ಸುತ್ತಲೇ ಕುಳಿತಿದ್ದಾರೆ. ನಿಮ್ಮ ಸಮುದಾಯದಲ್ಲಿ ಸೋಡಚೀಟಿಯ ರೂಢಿ ಇದ್ದರೆ ಕಾಯ್ದೆಯ 29(2)ನೇ ಕಲಂ ಅದನ್ನು ಉಳಿಸಿದೆ, ನಿಜ. ಆದರೆ ಆ ರೂಢಿ ಇತ್ತೆಂದು ಸಾಕ್ಷಿ ಸಮೇತ ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಮಾಡದೆ ಇನ್ನೊಂದು ಮದುವೆಯಾದರೆ ಮೊದಲ ಮದುವೆ ಜೀವಂತ ಇದೆ ಎಂಬ ವಾದಕ್ಕೆ ನೀವೇ ಬಾಗಿಲು ತೆರೆದಂತೆ.

ಪ್ರಶ್ನೆ: ಡಿಕ್ರಿ ನಕಲು ಬಂತು. ಮುಂದಿನ ವಾರ ಮುಹೂರ್ತ ಇಡಬಹುದೇ?

ಇಡಬೇಡಿ. 15ನೇ ಕಲಂ ಪ್ರಕಾರ ಮೇಲ್ಮನವಿಯ ಅವಧಿ ಮುಗಿಯಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಅದು 90 ದಿನ, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ 30 ದಿನ. ಯಾವುದು ಅನ್ವಯ ಎಂದು ವಕೀಲರು ವಾದ ಮಾಡುತ್ತ ಕೂರಲಿ, ನೀವು 90 ಕಳೆಯಿರಿ. ನಕಲು ಪಡೆಯಲು ಹಿಡಿದ ದಿನಗಳನ್ನು ಎದುರು ಪಕ್ಷ ಈ ಅವಧಿಯ ಲೆಕ್ಕದಿಂದ ಬಿಡಬಹುದು, ಹಾಗಾಗಿ ಇನ್ನೊಂದು ತಿಂಗಳು ಸೇರಿಸಿಕೊಳ್ಳಿ.

ಪ್ರಶ್ನೆ: ಕೋರ್ಟಿಗೆ ಕೊಟ್ಟ ಮೂಲ ಲಗ್ನಪತ್ರಿಕೆ, ಫೋಟೊ ವಾಪಸ್ ಬರುತ್ತವೆಯೇ?

ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆ ಹಿಂದಿರುಗಿಸಲು ಬೇರೆ ಅರ್ಜಿ ಹಾಕಿ. ತಡ ಮಾಡಬೇಡಿ, ಹಳೆಯ ಕಡತ ನಾಶ ಮಾಡುವಾಗ ಮೊದಲು ಹೋಗುವುದು ಇಂಥ ಕಾಗದಗಳೇ.

ಪ್ರಶ್ನೆ: ಝೆರಾಕ್ಸ್ ಅಂಗಡಿಯವರೊಬ್ಬರು ಒಂದೇ ದಿನದಲ್ಲಿ ದೃಢೀಕೃತ ನಕಲು ತಂದುಕೊಡುತ್ತೇನೆ ಎನ್ನುತ್ತಾರೆ.

ಮೊಹರು ಅವರ ಅಂಗಡಿಯಲ್ಲೇ ಇರಬೇಕು. ಹೋಗಬೇಡಿ.