ಆರು ಗಂಟೆಯ ಟೋಕನ್, ಹದಿಮೂರೂವರೆ ಗಂಟೆಯ ಸವಾರಿ

ಈ ಸಲದ ಪ್ರಶ್ನೆಗಳೆಲ್ಲ ಸವಾರಿ ದಾಖಲಿಸುವ ಆಪ್‌ಗಳ ಬಗ್ಗೆಯೇ ಇವೆ. ಎಲ್ಲರೂ ಕೇಳಿರುವುದು ಸವಾರಿಗಳನ್ನು ಹಂಚಿಕೊಳ್ಳುವ ತಾಣವಾದ ಸ್ಟ್ರಾವಾವನ್ನು ಬೇರೆ ಆಪ್‌ಗೆ ಜೋಡಿಸುವುದರ ಬಗ್ಗೆ, ಹಾಗಾಗಿ ಉತ್ತರವೂ ಅದನ್ನೇ ಹಿಡಿದು ಬರೆದಿದ್ದೇನೆ. ನಾನು ವಾರವಿಡೀ ಸರ್ವರ್ ಲಾಗ್ ನೋಡುತ್ತಾ ಕೂರುವವಳು, ಭಾನುವಾರ ಸೈಕಲ್ ಹತ್ತುವವಳು. ಈ ವಿಷಯದಲ್ಲಿ ಎರಡೂ ಕಡೆಯ ಕಷ್ಟ ಗೊತ್ತು.

ಪ್ರಶ್ನೆ: ಮೇಡಂ, ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಸೈಕಲ್ ಕ್ಲಬ್ಬಿಗಾಗಿ ಆಂಡ್ರಾಯ್ಡ್ ಆಪ್ ಮಾಡುತ್ತಿದ್ದೇನೆ. ಹೊರಡುವಾಗ ಸ್ಟ್ರಾವಾ ಲಾಗಿನ್ ಮಾಡಿಸಿ ಟೋಕನ್ (ಸವಾರರ ಪರವಾಗಿ ಸ್ಟ್ರಾವಾ ಬಳಸಲು ಆಪ್‌ಗೆ ಸಿಗುವ ಪ್ರವೇಶ ಚೀಟಿ) ತೆಗೆದುಕೊಳ್ಳುತ್ತೇನೆ, ಸವಾರಿ ಮುಗಿದ ಮೇಲೆ ಫೈಲ್ ಕಳಿಸುತ್ತೇನೆ. ಬೆಳಗಿನ 40 ಕಿ.ಮೀ. ಸವಾರಿಗಳೆಲ್ಲ ಸರಿಯಾಗಿ ಹೋಗುತ್ತವೆ. 200 ಕಿ.ಮೀ. ಬಿಆರ್‌ಎಂ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿದವರದು ಮಾತ್ರ 401 (ಗುರುತು ಒಪ್ಪಿಲ್ಲ ಅನ್ನುವ ದೋಷಸಂಖ್ಯೆ) ಅಂತ ವಾಪಸ್ ಬರುತ್ತದೆ. ಮತ್ತೆ ಲಾಗಿನ್ ಮಾಡಿಸಿದರೆ ಹೋಗುತ್ತದೆ. ಪ್ರತಿ ಸಲ ಹೀಗೇ ಮಾಡಿಸಬೇಕಾ?
— ದಾವಣಗೆರೆಯ ಓದುಗ

ಉತ್ತರ: ಬೇಡವೇ ಬೇಡ. ದಿನವಿಡೀ ತುಳಿದು ಬಂದವರ ಕೈಗೆ ಮತ್ತೆ ಪಾಸ್‌ವರ್ಡ್ ಪರದೆ ಕೊಡಬೇಡಿ.

ನಿಮ್ಮ ಸಮಸ್ಯೆ ಬರೀ ಲೆಕ್ಕದ್ದು. ಸ್ಟ್ರಾವಾ ಕೊಡುವ ಈ ಟೋಕನ್, ಅಂದರೆ ಆಕ್ಸೆಸ್ ಟೋಕನ್, 21,600 ಸೆಕೆಂಡ್ ಬಾಳುತ್ತದೆ, ಅಂದರೆ ಆರು ಗಂಟೆ. 200 ಕಿ.ಮೀ. ಬಿಆರ್‌ಎಂಗೆ ಇರುವ ಸಮಯ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ. ಬೆಳಗ್ಗೆ ಆರಕ್ಕೆ ಹೊರಟವರ ಟೋಕನ್ ಮಧ್ಯಾಹ್ನ ಹನ್ನೆರಡಕ್ಕೇ ಮುಗಿದಿರುತ್ತದೆ. ಸಂಜೆ ಅದನ್ನೇ ತೋರಿಸಿದರೆ 401 ಬರದೆ ಇನ್ನೇನು ಬಂದೀತು?

ನಿಮಗೆ ಸಿಕ್ಕಿರುವ ಮಾದರಿ ಕೋಡ್ ಹಳೆಯದೇನೋ ಅಂತ ನನ್ನ ಅನುಮಾನ. 2018ರ ಅಕ್ಟೋಬರ್‌ವರೆಗೆ ಸ್ಟ್ರಾವಾ ಟೋಕನ್‌ಗಳಿಗೆ ಅವಧಿಯೇ ಇರಲಿಲ್ಲ. ಒಮ್ಮೆ ಸಿಕ್ಕಿದರೆ ಸವಾರರು ತಾವಾಗಿ ರದ್ದು ಮಾಡುವವರೆಗೆ ನಡೆಯುತ್ತಿತ್ತು. ಆಮೇಲೆ ಆರು ಗಂಟೆಯ ಟೋಕನ್ ಬಂತು. ಹಳೆಯ ಆಪ್‌ಗಳು ಬದಲಾಗಲು ಒಂದು ವರ್ಷ ಸಮಯ ಕೊಟ್ಟಿದ್ದರು. ಆದರೆ ಆ ಕಾಲದ ಕೋಡ್ ಇನ್ನೂ ಅಲ್ಲಲ್ಲಿ ಸಿಗುತ್ತದೆ, ಓದುವವರು ನಕಲು ಮಾಡುತ್ತಲೇ ಇದ್ದಾರೆ. ಅವಧಿ ಇಟ್ಟಿದ್ದು ಒಳ್ಳೆಯದೇ ಆಯಿತು. ಆಕ್ಸೆಸ್ ಟೋಕನ್ ಯಾರ ಕೈಗೆ ಸಿಕ್ಕಿದರೂ ಕೆಲಸ ಮಾಡುತ್ತದೆ, ನೀನು ಯಾರು ಅಂತ ಸರ್ವರ್ ಕೇಳುವುದಿಲ್ಲ. ಕದ್ದವರ ಕೈಯಲ್ಲಿ ಅದು ಎಷ್ಟು ಕಡಿಮೆ ಹೊತ್ತು ಬದುಕಿದರೆ ಅಷ್ಟು ಕ್ಷೇಮ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಸವಾರರು ಮೊದಲ ಸಲ ಒಪ್ಪಿಗೆ ಕೊಟ್ಟಾಗ ಬರುವ ಉತ್ತರವನ್ನು ಪೂರ್ತಿ ನೋಡಿ. ಆಕ್ಸೆಸ್ ಟೋಕನ್ ಜೊತೆ ಅದು ಯಾವಾಗ ಮುಗಿಯುತ್ತದೆ ಅನ್ನುವ ಸಮಯವೂ ಒಂದು ರಿಫ್ರೆಶ್ ಟೋಕನ್ ಕೂಡ ಇರುತ್ತದೆ. ಹೆಚ್ಚಿನವರು ಮೊದಲನೆಯದನ್ನು ಎತ್ತಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಮೂರನ್ನೂ ಉಳಿಸಿಕೊಳ್ಳಿ. ಫೈಲ್ ಕಳಿಸುವ ಹೊತ್ತಿಗೆ ಅವಧಿ ಮುಗಿದಿದ್ದರೆ ರಿಫ್ರೆಶ್ ಟೋಕನ್ ಕೊಟ್ಟು ಹೊಸ ಆಕ್ಸೆಸ್ ಟೋಕನ್ ಪಡೆಯಿರಿ. ಸವಾರರಿಗೆ ಇದು ಗೊತ್ತೂ ಆಗುವುದಿಲ್ಲ.

ಹಾಗಾದರೆ ಹೊರಡುವ ಮುಂಚೆಯೇ ಹೊಸ ಟೋಕನ್ ತೆಗೆದಿಟ್ಟುಕೊಂಡರೆ ಆಗಲ್ವಾ ಅಂತ ನೀವು ಕೇಳಬಹುದು. ಪ್ರಯೋಜನವಿಲ್ಲ. ಈಗಿರುವ ಟೋಕನ್‌ಗೆ ಒಂದು ಗಂಟೆಗಿಂತ ಜಾಸ್ತಿ ಆಯಸ್ಸಿದ್ದರೆ ಸ್ಟ್ರಾವಾ ಅದನ್ನೇ ವಾಪಸ್ ಕೊಡುತ್ತದೆ. ಹೊಸದು ಸಿಕ್ಕಿದರೂ ಆರು ಗಂಟೆಯದೇ. ಬೇಕಾದಾಗ, ಬೇಕಾದ ಕ್ಷಣದಲ್ಲಿ ತೆಗೆದುಕೊಳ್ಳುವುದೇ ಸರಿ.

ಹುಡುಗರು ಜಾಸ್ತಿ ಎಡವುವುದು ಇಲ್ಲಿ: ರಿಫ್ರೆಶ್ ಮಾಡಿದಾಗ ಬರುವ ಉತ್ತರದಲ್ಲಿ ಹೊಸ ರಿಫ್ರೆಶ್ ಟೋಕನ್ ಕೂಡ ಇರಬಹುದು. ಅದು ಬಂದ ಕೂಡಲೇ ಹಳೆಯದು ಸತ್ತಂತೆ. ಹೊಸದನ್ನು ಬರೆದಿಟ್ಟುಕೊಳ್ಳದೆ ಹಳೆಯದನ್ನೇ ಹಿಡಿದುಕೊಂಡರೆ ಸವಾರರು ಮತ್ತೆ ಲಾಗಿನ್ ಪರದೆಗೇ ಬಂದು ನಿಲ್ಲುತ್ತಾರೆ. ಇನ್ನೊಂದು, ನಿಮ್ಮ ಆಪ್‌ನ ಎರಡು ಭಾಗಗಳು ಒಂದೇ ಹೊತ್ತಿಗೆ ರಿಫ್ರೆಶ್‌ಗೆ ಹೋಗಬಾರದು. ಒಂದು ಹಿಂದಿನ ಸವಾರಿಗಳ ಪಟ್ಟಿ ತರಲು ಹೋಯಿತು, ಇನ್ನೊಂದು ಫೈಲ್ ಕಳಿಸಲು ಹೋಯಿತು ಅಂದುಕೊಳ್ಳಿ. ಇಬ್ಬರ ಕೈಯಲ್ಲೂ ಒಂದೇ ಹಳೆಯ ರಿಫ್ರೆಶ್ ಟೋಕನ್. ಮೊದಲು ಹೋದವರಿಗೆ ಹೊಸದು ಸಿಗುತ್ತದೆ, ಎರಡನೆಯವರಿಗೆ 400, ಅಂದರೆ ಕೋರಿಕೆಯೇ ತಪ್ಪು ಅನ್ನುವ ಉತ್ತರ. ಇಂಥ ದೋಷ ಹತ್ತು ಸಲದಲ್ಲಿ ಒಮ್ಮೆ ಕಾಣಿಸಿಕೊಂಡು ತಲೆ ತಿನ್ನುತ್ತದೆ. ಆಂಡ್ರಾಯ್ಡ್ ಆಪ್ ಬರೆಯುವ ಕೋಟ್ಲಿನ್ ಭಾಷೆಯಲ್ಲಾದರೆ ಒಂದು ಮ್ಯೂಟೆಕ್ಸ್, ಅಂದರೆ ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಬೀಗ, ಹಾಕಿ. ಒಳಗೆ ಬಂದವರು ಮೊದಲು ಟೋಕನ್ ಆಗಲೇ ಬದಲಾಗಿದೆಯಾ ಅಂತ ನೋಡಲಿ, ಆಮೇಲೆ ರಿಫ್ರೆಶ್ ಮಾಡಲಿ.

ಅವಧಿಯ ಸಮಯ ಸೆಕೆಂಡ್ ಲೆಕ್ಕದಲ್ಲಿ ಬರುತ್ತದೆ. ಆಂಡ್ರಾಯ್ಡ್ ಕೊಡುವುದು ಮಿಲಿಸೆಕೆಂಡ್. ಎರಡನ್ನೂ ಹಾಗೇ ಹೋಲಿಸಿದರೆ ಟೋಕನ್ ಯಾವಾಗಲೂ ಮುಗಿದಂತೆಯೇ ಕಾಣುತ್ತದೆ, ಪ್ರತಿ ಕೆಲಸಕ್ಕೂ ಒಂದು ರಿಫ್ರೆಶ್ ದಂಡ. ಫೋನಿನ ಗಡಿಯಾರವನ್ನೂ ಪೂರ್ತಿ ನಂಬಬೇಡಿ. ಅವಧಿ ಇದೆ ಅಂತ ಕಂಡರೂ 401 ಬಂದರೆ ಒಮ್ಮೆ ರಿಫ್ರೆಶ್ ಮಾಡಿ, ಒಮ್ಮೆ ಮತ್ತೆ ಕಳಿಸಿ, ಆಗಲೂ ಹೋಗದಿದ್ದರೆ ಮಾತ್ರ ಸವಾರರನ್ನು ಮತ್ತೆ ಲಾಗಿನ್ ಕೇಳಿ. 429 ಬಂದರೆ ಅದು ಟೋಕನ್ ವಿಷಯವೇ ಅಲ್ಲ, ನೀವು ಲೆಕ್ಕಕ್ಕಿಂತ ಜಾಸ್ತಿ ಸಲ ಬಾಗಿಲು ತಟ್ಟಿದ್ದೀರಿ ಅಂತ. ಮುಂದಿನ ಕಾಲು ಗಂಟೆಯವರೆಗೆ ಸುಮ್ಮನಿರಿ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜಕ್ಕೂ ಕಾಡಿದ ಮಾತು ಬೇರೆ. ಹೊರಡುವಾಗ ಲಾಗಿನ್ ಆಗದಿದ್ದರೆ ನಿಮ್ಮ ಆಪ್ ದಾಖಲಿಸುವುದೇ ಇಲ್ಲವಾ? ಹಾಗಿದ್ದರೆ ಅದನ್ನು ಇವತ್ತೇ ಬದಲಾಯಿಸಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ಟೋಕನ್ ಅಂತೂ ಬೇಕೇ ಇಲ್ಲ. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಕೊಟ್ಟಿಗೆಹಾರದಲ್ಲಿ ಸೈಕಲ್ ಒರಗಿಸಿ ನೀರುದೋಸೆ ಮುಂದೆ ಕೂತಾಗಲೇ ಫೋನ್ ಕೈಗೆ ಬರುವುದು. ಅಷ್ಟೂ ಹೊತ್ತಿನ ತಿರುವುಗಳು ಫೋನಿನ ಒಳಗಿನ ಡೇಟಾಬೇಸ್‌ನಲ್ಲಿ ಭದ್ರವಾಗಿ ಕೂತಿರಬೇಕು. ದಾಖಲಿಸುವುದು ಒಂದು ಕೆಲಸ, ಕಳಿಸುವುದು ಇನ್ನೊಂದು. ಟೋಕನ್ ಬೇಕಿರುವುದು ಎರಡನೆಯದಕ್ಕೆ ಮಾತ್ರ. ಕಳಿಸಲು ಆಗದಿದ್ದರೆ ಫೈಲ್ ಸಾಲಿನಲ್ಲಿ ಕಾಯಲಿ. ಅದೇ ಸವಾರಿ ಎರಡು ಸಲ ಹೋದರೂ ಸ್ಟ್ರಾವಾ ಅದನ್ನು ನಕಲು ಅಂತ ಗುರುತಿಸಿ ತಿರಸ್ಕರಿಸುತ್ತದೆ. ಹಾಗಾಗಿ ಮತ್ತೆ ಕಳಿಸಲು ಹೆದರಬೇಡಿ. ಕಳಿಸಿದ್ದು ಖಚಿತವಾಗುವವರೆಗೆ ಫೋನಿನಲ್ಲಿರುವುದನ್ನು ಅಳಿಸಬೇಡಿ.

ಪ್ರಶ್ನೆ: ನಾವು ಇಬ್ಬರೇ ಸೇರಿ ಪುಟ್ಟ ಆಪ್ ಮಾಡಿದ್ದೇವೆ. ಸರ್ವರ್ ಇಟ್ಟುಕೊಳ್ಳುವಷ್ಟು ದುಡ್ಡಿಲ್ಲ. ಕ್ಲೈಂಟ್ ಸೀಕ್ರೆಟ್ (ಸ್ಟ್ರಾವಾ ನಮ್ಮ ಆಪ್‌ಗೆ ಕೊಟ್ಟ ಗುಟ್ಟಿನ ಕೀಲಿ) ಅನ್ನು ಆಪ್ ಒಳಗೇ ಇಟ್ಟಿದ್ದೇವೆ. ಆರ್8 ಅನ್ನುವ ಸಾಧನ ಹಾಕಿ ಕೋಡ್ ಓದಲಾಗದಂತೆ ಕಲಸಿಟ್ಟಿದ್ದೇವೆ, ಸಾಲದೇ?
— ಬೆಳಗಾವಿಯ ಓದುಗರು

ಉತ್ತರ: ಸಾಲದು. ಆರ್8 ನಿಮ್ಮ ಕ್ಲಾಸ್ ಹೆಸರು, ಫಂಕ್ಷನ್ ಹೆಸರು ಬದಲಾಯಿಸುತ್ತದೆ. ಉಲ್ಲೇಖ ಚಿಹ್ನೆಯ ಒಳಗಿರುವ ಅಕ್ಷರಗಳನ್ನು ಹಾಗೇ ಬಿಡುತ್ತದೆ. ನಿಮ್ಮದೇ ಎಪಿಕೆ, ಅಂದರೆ ಆಪ್‌ನ ಇನ್‌ಸ್ಟಾಲ್ ಫೈಲನ್ನು, ಜಾಡೆಕ್ಸ್ ಅನ್ನುವ ಉಚಿತ ಸಾಧನದಲ್ಲಿ ತೆರೆಯಿರಿ. ಹುಡುಕುವ ಜಾಗದಲ್ಲಿ ಸ್ಟ್ರಾವಾದ ಟೋಕನ್ ವಿಳಾಸ ಕೊಡಿ. ಆ ವಿಳಾಸ ಸಿಕ್ಕ ಜಾಗದ ಅಕ್ಕಪಕ್ಕದಲ್ಲೇ ನಿಮ್ಮ ಸೀಕ್ರೆಟ್ ಕೂಡ ಸಿಗುವ ಸಾಧ್ಯತೆ ಜಾಸ್ತಿ. ಇದಕ್ಕೆ ಯಾವ ವಿದ್ಯೆಯೂ ಬೇಡ.

ಅದು ಹೋದರೆ ಏನಾಗುತ್ತದೆ ಅಂದರೆ, ಸೀಕ್ರೆಟ್ ಇದ್ದವರು ನಿಮ್ಮ ಆಪ್‌ನ ಹೆಸರಿನಲ್ಲಿ ಸ್ಟ್ರಾವಾ ಜೊತೆ ಮಾತಾಡಬಹುದು. ಯಾರದೋ ಫೋನಿನಿಂದ ರಿಫ್ರೆಶ್ ಟೋಕನ್ ಕದ್ದವರಿಗೆ ಸೀಕ್ರೆಟ್ ಇಲ್ಲದಿದ್ದರೆ ಅದು ಬರೀ ಅಕ್ಷರಗಳ ಸಾಲು. ಸೀಕ್ರೆಟ್ ಸೇರಿದರೆ ಆ ಸವಾರರ ದಿನಚರಿಯೇ ಕೈಗೆ ಬಂದಂತೆ.

ಸರ್ವರ್ ಅಂದ ಕೂಡಲೇ ಬಾಡಿಗೆ ಯಂತ್ರ ಅಂದುಕೊಳ್ಳಬೇಡಿ. ನಿಮಗೆ ಬೇಕಿರುವುದು ಎರಡೇ ಕೆಲಸ ಮಾಡುವ ಸಣ್ಣ ಕ್ಲೌಡ್ ಫಂಕ್ಷನ್, ಅಂದರೆ ಕರೆದಾಗ ಮಾತ್ರ ಕ್ಲೌಡ್ ಕಂಪನಿಯ ಸರ್ವರ್‌ನಲ್ಲಿ ಓಡುವ ತುಂಡು ಕೋಡ್. ಒಪ್ಪಿಗೆಯ ಕೋಡ್ ಕೊಟ್ಟರೆ ಟೋಕನ್ ತಂದುಕೊಡಬೇಕು, ಅವಧಿ ಮುಗಿದರೆ ಹೊಸದು ತಂದುಕೊಡಬೇಕು. ಪುಟ್ಟ ಆಪ್‌ಗೆ ಕ್ಲೌಡ್ ಕಂಪನಿಗಳ ಉಚಿತ ಮಿತಿಯೇ ಧಾರಾಳ. ಸೀಕ್ರೆಟ್ ಅಲ್ಲಿರಲಿ. ರಿಫ್ರೆಶ್ ಟೋಕನ್ ಕೂಡ ಅಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಫೋನಿನಲ್ಲಿ ಇಡಲೇಬೇಕಾದದ್ದನ್ನು ಆಂಡ್ರಾಯ್ಡ್‌ನಲ್ಲಿ ಕೀಸ್ಟೋರ್‌ನ ಕೀಲಿಯಿಂದ ಎನ್‌ಕ್ರಿಪ್ಟ್ ಮಾಡಿ ಇಡಿ, ಐಫೋನ್‌ನಲ್ಲಿ ಕೀಚೈನ್‌ನಲ್ಲಿಡಿ. ಲಾಗ್‌ನಲ್ಲಿ ಟೋಕನ್ ಮುದ್ರಿಸುವ ಸಾಲು ಇದ್ದರೆ ಅಳಿಸಿ. ಪರೀಕ್ಷೆಗೆ ಅಂತ ಹಾಕಿದ ಅಂಥ ಸಾಲು ಹಾಗೇ ಉಳಿದು ಪ್ಲೇ ಸ್ಟೋರ್‌ವರೆಗೂ ಹೋಗಿಬಿಡುತ್ತದೆ.

ಪಿಕೆಸಿಇ ಬಳಸಿದರೆ ಸೀಕ್ರೆಟ್ಟೇ ಬೇಡ ಅಂತ ಯಾರಾದರೂ ಹೇಳಬಹುದು. ಪ್ರತಿ ಲಾಗಿನ್‌ಗೂ ಹೊಸದೊಂದು ಗುಟ್ಟು ಬಳಸುವ, ಫೋನ್ ಆಪ್‌ಗಳಿಗಾಗಿಯೇ 2015ರಲ್ಲಿ ಬಂದ ಒಳ್ಳೆಯ ಪದ್ಧತಿ ಅದು. ಆದರೆ ಸ್ಟ್ರಾವಾ ಟೋಕನ್ ಕೊಡುವಾಗ ಸೀಕ್ರೆಟ್ ಕೇಳುತ್ತದೆ, ಹಾಗಾಗಿ ಇಲ್ಲಿ ಆ ದಾರಿ ಮುಚ್ಚಿದೆ. ಈಗಾಗಲೇ ಬಿಡುಗಡೆಯಾದ ಆಪ್‌ನಲ್ಲಿ ಇರುವ ಸೀಕ್ರೆಟ್ ಬಯಲಾಗಿದೆ ಅಂತಲೇ ತಿಳಿದು ಬದಲಾಯಿಸಿ.

ಹಾಗೆಯೇ ಲಾಗಿನ್ ಪುಟವನ್ನು ಆಪ್ ಒಳಗೇ ವೆಬ್ ಪುಟ ತೋರಿಸುವ ವೆಬ್‌ವ್ಯೂನಲ್ಲಿ ತೆರೆಯುತ್ತಿದ್ದರೆ ಅದನ್ನೂ ಬಿಡಿ. ವೆಬ್‌ವ್ಯೂನಲ್ಲಿ ಟೈಪ್ ಮಾಡಿದ ಪಾಸ್‌ವರ್ಡ್ ಅನ್ನು ಆಪ್ ಓದಬಹುದು. ಫೋನ್ ಆಪ್‌ಗಳು ನಿಜವಾದ ಬ್ರೌಸರ್ ಮೂಲಕವೇ ಒಪ್ಪಿಗೆ ಪಡೆಯಬೇಕು ಅಂತ 2017ರಲ್ಲೇ ಆರ್‌ಎಫ್‌ಸಿ 8252 ಅನ್ನುವ ಇಂಟರ್ನೆಟ್ ಮಾರ್ಗಸೂಚಿ ಹೇಳಿದೆ. ಫೋನಿನಲ್ಲಿ ಸ್ಟ್ರಾವಾ ಆಪ್ ಇದ್ದರೆ ಅದರಲ್ಲೇ ತೆರೆಯುವ ವ್ಯವಸ್ಥೆಯೂ ಇದೆ.

ಪ್ರಶ್ನೆ: ಮೇಡಂ, ನಾನು ಕೋಡ್ ಬರೆಯುವವಳಲ್ಲ, ಸೈಕಲ್ ಹೊಡೆಯುವವಳು. ತರಬೇತಿ ಕೊಡುವ ಒಂದು ಆಪ್‌ಗೆ ನನ್ನ ಸ್ಟ್ರಾವಾ ಜೋಡಿಸಿದ್ದೆ. ಇಷ್ಟವಾಗಲಿಲ್ಲ, ಫೋನಿನಿಂದ ಡಿಲೀಟ್ ಮಾಡಿದೆ. ನನ್ನ ಸವಾರಿಗಳು ಈಗಲೂ ಅವರಿಗೆ ಕಾಣುತ್ತವಾ? ಬೆಳಗ್ಗೆ ಐದಕ್ಕೆ ಒಬ್ಬಳೇ ಹೊರಡುತ್ತೇನೆ, ಅದಕ್ಕೇ ಕೇಳಿದೆ.
— ಮಂಗಳೂರಿನ ಓದುಗರು

ಉತ್ತರ: ಕಾಣಬಹುದು. ಒಳ್ಳೆಯದಾಯಿತು ಕೇಳಿದ್ದು.

ನೀವು ಡಿಲೀಟ್ ಮಾಡಿದ್ದು ಫೋನಿನಲ್ಲಿದ್ದ ಆಪ್ ಮಾತ್ರ. ನೀವು ಕೊಟ್ಟ ಒಪ್ಪಿಗೆ ಅವರ ಸರ್ವರ್‌ನಲ್ಲಿ ರಿಫ್ರೆಶ್ ಟೋಕನ್ ರೂಪದಲ್ಲಿ ಕೂತಿರುತ್ತದೆ. ಆರು ಗಂಟೆಗೆ ಮುಗಿಯುವುದು ಆಕ್ಸೆಸ್ ಟೋಕನ್. ರಿಫ್ರೆಶ್ ಟೋಕನ್ ಇರುವವರೆಗೆ ಹೊಸದನ್ನು ತೆಗೆಯುತ್ತಲೇ ಇರಬಹುದು. ಕಂಪ್ಯೂಟರ್‌ನಲ್ಲಿ ಸ್ಟ್ರಾವಾ ತೆರೆದು ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ 'ಮೈ ಆಪ್ಸ್' ಅಂತ ಇದೆ. ನೀವು ಯಾವತ್ತೋ ಜೋಡಿಸಿ ಮರೆತ ಆಪ್‌ಗಳೂ ಅಲ್ಲಿ ಕಾಣುತ್ತವೆ. ಬೇಡದ್ದರ ಮುಂದೆ 'ರಿವೋಕ್ ಆಕ್ಸೆಸ್' ಒತ್ತಿ. ಅಲ್ಲಿಗೆ ಅವರ ಟೋಕನ್‌ಗಳು ನಿಲ್ಲುತ್ತವೆ. ಅಷ್ಟರೊಳಗೆ ಅವರು ನಕಲು ಮಾಡಿಕೊಂಡಿದ್ದನ್ನು ಈ ಗುಂಡಿ ಅಳಿಸುವುದಿಲ್ಲ, ಅದಕ್ಕೆ ಅವರಿಗೇ ಬೇರೆಯಾಗಿ ಬರೆದು ಅಳಿಸಲು ಹೇಳಿ.

ಮುಂದಿನ ಸಲ ಜೋಡಿಸುವಾಗ ಒಪ್ಪಿಗೆ ಪುಟದಲ್ಲಿ ಅರ್ಧ ನಿಮಿಷ ನಿಲ್ಲಿ. ಅಲ್ಲಿ ಟಿಕ್ ಹಾಕಿದ ಸಾಲುಗಳಿರುತ್ತವೆ. ಎಲ್ಲರಿಗೂ ಅಥವಾ ಫಾಲೋವರ್‌ಗಳಿಗೆ ಕಾಣುವ ಸವಾರಿಗಳನ್ನು ಓದುವ ಅನುಮತಿ ಒಂದು. 'ನನಗೆ ಮಾತ್ರ' ಅಂತ ಇಟ್ಟ ಸವಾರಿಗಳನ್ನೂ ಓದುವ ಅನುಮತಿ ಇನ್ನೊಂದು. ಈ ಎರಡನೆಯದನ್ನು ಕೊಟ್ಟರೆ ಮನೆ ಸುತ್ತ ನೀವು ಮರೆಮಾಡಿದ ಜಾಗ ಕೂಡ ಆ ಆಪ್‌ಗೆ ಕಾಣುತ್ತದೆ. ಒಬ್ಬರೇ ಹೊರಡುವ ಹೆಣ್ಣುಮಗಳಿಗೆ ಇದು ಸಣ್ಣ ವಿಷಯವಲ್ಲ. ಮನೆ ಯಾವುದು, ಎಷ್ಟು ಹೊತ್ತಿಗೆ ಹೊರಡುತ್ತಾಳೆ, ಯಾವ ದಾರಿ ಹಿಡಿಯುತ್ತಾಳೆ, ಎಲ್ಲ ಆ ಗೆರೆಯಲ್ಲಿದೆ. ಹೆಸರಿಲ್ಲದೆ ಒಟ್ಟುಗೂಡಿಸಿದ ಗೆರೆಗಳೇ ಎಷ್ಟು ಹೇಳುತ್ತವೆ ಅಂತ 2018ರ ಜನವರಿಯಲ್ಲಿ ಜಗತ್ತು ನೋಡಿತು. ಎಲ್ಲರ ಗೆರೆಗಳನ್ನು ಒಂದೇ ನಕ್ಷೆಯಲ್ಲಿ ತೋರಿಸುವ ಸ್ಟ್ರಾವಾದ ಹೀಟ್‌ಮ್ಯಾಪ್‌ನಲ್ಲಿ ಸೇನಾ ನೆಲೆಗಳ ಒಳಗಿನ ದಾರಿಗಳು ಎದ್ದು ಕಂಡಿದ್ದವು. ಬೇಡ ಅನಿಸಿದ ಟಿಕ್ ತೆಗೆದುಬಿಡಿ. ಅದು ನಿಮ್ಮ ಹಕ್ಕು.

ಆಪ್ ಮಾಡುವವರೂ ಇದನ್ನು ಓದಲಿ. ಸವಾರರು ಟಿಕ್ ತೆಗೆದರೂ ನಿಮಗೆ ಟೋಕನ್ ಬರುತ್ತದೆ, ಅನುಮತಿ ಮಾತ್ರ ಕಡಿಮೆ ಇರುತ್ತದೆ. ವಾಪಸ್ ಬರುವ ವಿಳಾಸದಲ್ಲಿ ಯಾವ ಸ್ಕೋಪ್, ಅಂದರೆ ಯಾವ ಅನುಮತಿ, ಸಿಕ್ಕಿದೆ ಅಂತ ಬರೆದಿರುತ್ತದೆ, ಅದನ್ನು ನೋಡಿ ನಡೆದುಕೊಳ್ಳಿ. ಫೈಲ್ ಕಳಿಸಲು ಬರೆಯುವ ಅನುಮತಿ ಸಾಕು, ಎಲ್ಲವನ್ನೂ ಓದುವ ಅನುಮತಿ ಕೇಳಬೇಡಿ. ಯಾರಾದರೂ ನಿಮ್ಮ ಆಪ್‌ನ ಖಾತೆ ಮುಚ್ಚಿದರೆ ಸ್ಟ್ರಾವಾದ ಡೀಆಥರೈಸ್ (ಒಪ್ಪಿಗೆ ರದ್ದು) ವಿಳಾಸಕ್ಕೆ ನೀವೇ ತಿಳಿಸಿ ಟೋಕನ್ ಬಿಟ್ಟುಕೊಡಿ. ಅವರು ಸ್ಟ್ರಾವಾ ಕಡೆಯಿಂದ ರದ್ದು ಮಾಡಿದರೆ ವೆಬ್‌ಹುಕ್ (ಸ್ಟ್ರಾವಾ ತಾನಾಗಿ ನಿಮ್ಮ ಸರ್ವರ್‌ಗೆ ಕಳಿಸುವ ಸಂದೇಶ) ಮೂಲಕ ನಿಮಗೆ ಸುದ್ದಿ ಬರುತ್ತದೆ. ಆ ಸುದ್ದಿ ಬಂದ ಕೂಡಲೇ ಅವರದ್ದೆಲ್ಲ ಅಳಿಸಿ.

ಪ್ರಶ್ನೆ: ಕ್ಲಬ್ಬಿನ ಎಲ್ಲರ ಸ್ಟ್ರಾವಾ ಜೋಡಿಸಿ ತಿಂಗಳ ಕಿಲೋಮೀಟರ್ ಪಟ್ಟಿ ತೋರಿಸಬೇಕು ಅಂತಿದ್ದೇನೆ. ನನ್ನ ಖಾತೆಯಲ್ಲಿ ಕೆಲಸ ಮಾಡುತ್ತದೆ, ಗೆಳೆಯರಿಗೆ 403 (ಪ್ರವೇಶವಿಲ್ಲ) ಬರುತ್ತದೆ. ಟೋಕನ್ ಸರಿಯಿಲ್ಲವಾ?
— ಶಿವಮೊಗ್ಗದ ಓದುಗ

ಉತ್ತರ: ಟೋಕನ್ ಸರಿಯಾಗಿಯೇ ಇದೆ. ಹೊಸದಾಗಿ ನೋಂದಾಯಿಸಿದ ಆಪ್‌ಗೆ ಸ್ಟ್ರಾವಾ ಮೊದಲು ಒಬ್ಬರನ್ನೇ ಜೋಡಿಸಲು ಬಿಡುತ್ತದೆ. ಆ ಒಬ್ಬರು ನೀವು. ಜಾಸ್ತಿ ಜನ ಬೇಕಾದರೆ ಆಪ್ ತೋರಿಸಿ ಅರ್ಜಿ ಹಾಕಬೇಕು.

ಆದರೆ ಅರ್ಜಿ ಹಾಕುವ ಮುಂಚೆ ಇನ್ನೊಂದು ವಿಷಯ. 2024ರ ನವೆಂಬರ್‌ನಲ್ಲಿ ಸ್ಟ್ರಾವಾ ನಿಯಮ ಬದಲಾಯಿಸಿತು. ಒಬ್ಬರ ಸ್ಟ್ರಾವಾ ಮಾಹಿತಿಯನ್ನು ಬೇರೆ ಆಪ್‌ಗಳು ಅವರಿಗೆ ಮಾತ್ರ ತೋರಿಸಬಹುದು, ಬೇರೆಯವರಿಗೆ ತೋರಿಸುವಂತಿಲ್ಲ ಅಂತ ಆಗ ಹೇಳಿತು. ಎಷ್ಟೋ ಕ್ಲಬ್‌ಗಳ ಪಟ್ಟಿಗಳಿಗೆ ಇದರಿಂದ ತೊಂದರೆಯಾಗಿದೆ, ಬೇಜಾರು ನನಗೂ ಇದೆ. ಟೋಕನ್ ಇದ್ದ ಮಾತ್ರಕ್ಕೆ ನಿಮ್ಮ ಯೋಚನೆ ನಡೆಯುವುದಿಲ್ಲ.

ದಾರಿ ಇದೆ. ನಿಮ್ಮದೇ ಆಪ್ ಸವಾರಿ ದಾಖಲಿಸಿ ಮೊದಲು ನಿಮ್ಮ ಸರ್ವರ್‌ಗೆ ಕಳಿಸಲಿ, ಅಲ್ಲಿಂದ ಸ್ಟ್ರಾವಾಕ್ಕೆ ಹೋಗಲಿ. ನೀವೇ ದಾಖಲಿಸಿದ ಕಿಲೋಮೀಟರ್ ಸ್ಟ್ರಾವಾದಿಂದ ತಂದದ್ದಲ್ಲ. ಪಟ್ಟಿಗೆ ಅದನ್ನು ಬಳಸಿ, ದಾರಿಯ ಗೆರೆ ತೋರಿಸಬೇಡಿ, ಬರೀ ಕಿಲೋಮೀಟರ್ ಸಾಕು. ಪಟ್ಟಿಯಲ್ಲಿ ಹೆಸರು ಹಾಕಲು ಪ್ರತಿ ಸದಸ್ಯರನ್ನೂ ಬೇರೆಯಾಗಿ ಕೇಳಿ, ಆ ಪ್ರಶ್ನೆಯ ಟಿಕ್ ಮೊದಲೇ ಹಾಕಿಡಬೇಡಿ.