ಖೈಬರ್ ತೋಟದಿಂದ ಶುರು ಮಾಡಿ

ನಮಸ್ಕಾರ. ನೀವು ಕಳ್ಸಿದ ಮದೀನಾ ಒಪ್ಪಂದದ ಲೇಖನ, ಅಂದ್ರೆ 622ರ ಸುಮಾರಿಗೆ ಪ್ರವಾದಿ ಮುಹಮ್ಮದರು ಮದೀನಾದ ಮುಸ್ಲಿಮರು, ಯಹೂದಿಗಳ ಮಧ್ಯೆ ಮಾಡಿಸಿದ ಕರಾರಿನ ಬಗ್ಗೆ ಬರೆದದ್ದು, ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಕೈಬಿಡೋಕೂ ಮನಸ್ಸು ಬರ್ತಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲ ಒಂದೂವರೆ ಪುಟ ಸೌಹಾರ್ದ, ಸಹಬಾಳ್ವೆ ಅಂತಲೇ ಹೋಗುತ್ತೆ. "ಯಹೂದಿಗಳಿಗೆ ಅವರ ಧರ್ಮ, ಮುಸ್ಲಿಮರಿಗೆ ಅವರ ಧರ್ಮ" ಅನ್ನೋ ಸಾಲು ಕೊಟ್ಟಿದೀರಿ, ಅದು ನಿಜವಾಗ್ಲೂ ಇದೆ. ಆದ್ರೆ ಅದೇ ಪತ್ರದಲ್ಲಿ ಯುದ್ಧ ಬಂದ್ರೆ ಅವರವರ ಖರ್ಚು ಅವರವರೇ ನೋಡ್ಕೋಬೇಕು, ಯಸ್ರಿಬ್ (ಮದೀನಾದ ಹಳೇ ಹೆಸರು) ಮೇಲೆ ಯಾರಾದ್ರೂ ನುಗ್ಗಿದ್ರೆ ಒಟ್ಟಿಗೆ ನಿಲ್ಬೇಕು, ಪ್ರವಾದಿಯನ್ನ ವಿರೋಧಿಸ್ತಿದ್ದ ಮೆಕ್ಕಾದ ಕುರೈಷ್ ಕುಲದವರಿಗೆ ಆಶ್ರಯ ಕೊಡಬಾರ್ದು, ತಗಾದೆ ಬಿದ್ರೆ ಪ್ರವಾದಿ ಮುಹಮ್ಮದರ ಹತ್ರ ಬರ್ಬೇಕು, ಕೊಲೆ ಪರಿಹಾರ ಆಯಾ ಕುಲದವರೇ ಕಟ್ಬೇಕು ಅಂತೆಲ್ಲ ಇದೆಯಲ್ಲ, ಅದೊಂದೂ ನಿಮ್ಮ ಲೇಖನದಲ್ಲಿಲ್ಲ. ಅದನ್ನ ಹಾಕಿ, "ಜಗತ್ತಿನ ಮೊದಲ ಜಾತ್ಯತೀತ ಸಂವಿಧಾನ" ಅನ್ನೋದನ್ನ ತೆಗೀರಿ. ಇದು ಕುಲಕುಲಗಳ ಮಧ್ಯದ ಕರಾರು.

ಮೂಲ ಪತ್ರ ಉಳಿದಿಲ್ಲ, ನಮಗೆ ಸಿಕ್ಕಿರೋದು ಮುಂದಿನ ಕಾಲದ ಮುಸ್ಲಿಂ ವಿದ್ವಾಂಸರಾದ ಇಬ್ನ್ ಇಸ್ಹಾಕ್ ಮತ್ತು ಅಬೂ ಉಬೈದ್ ತಮ್ಮ ಗ್ರಂಥಗಳಲ್ಲಿ ಕೊಟ್ಟ ಪಾಠಗಳು, ಇದನ್ನೂ ಹೇಳಿ. ಒಂದರಲ್ಲಿ ಬನೂ ಔಫ್ ಕುಲದ ಯಹೂದಿಗಳು ವಿಶ್ವಾಸಿಗಳ (ಮುಸ್ಲಿಮರ) "ಜೊತೆ" ಒಂದು ಉಮ್ಮತ್, ಅಂದ್ರೆ ಸಮುದಾಯ, ಇನ್ನೊಂದ್ರಲ್ಲಿ ವಿಶ್ವಾಸಿಗಳ "ಪೈಕಿ" ಒಂದು ಉಮ್ಮತ್. ಒಂದು ಸಣ್ಣ ಪದ ಬದಲಾದ್ರೆ ಅರ್ಥ ಎಷ್ಟು ಬದಲಾಗುತ್ತೆ ನೋಡಿ, ನಿಮ್ಮ ಲೇಖನದ ಜೀವ ಇಲ್ಲಿದೆ ಅಂತ ನನಗನ್ಸುತ್ತೆ.

ಇನ್ನು ನನಗೆ ನಿಜವಾಗ್ಲೂ ಬೇಜಾರಾಗಿದ್ದು, ನೀವು 622ಕ್ಕೇ ನಿಲ್ಲಿಸ್ಬಿಟ್ಟಿದೀರಿ. ಮದೀನಾದ ಯಹೂದಿ ಕುಲಗಳಲ್ಲಿ 624ರಲ್ಲಿ ಕೈನುಕಾ, 625ರಲ್ಲಿ ನದೀರ್ ಕುಲದವರು ಊರು ಬಿಡ್ಬೇಕಾಯ್ತು, 627ರಲ್ಲಿ ಮೆಕ್ಕಾದವರು ಮುತ್ತಿಗೆ ಹಾಕಿದ ಖಂದಕ್ (ಕಂದಕ) ಯುದ್ಧ ಮುಗೀತಿದ್ದಂಗೆ ಕುರೈಝಾ ಕುಲದ ಗಂಡಸರನ್ನ ಮುಸ್ಲಿಮರು ಕೊಂದ್ರು, ಹೆಂಗಸರು ಮಕ್ಕಳು ಸೆರೆಯಾದ್ರು. ಸೀರಾ ಗ್ರಂಥಗಳು, ಅಂದ್ರೆ ಪ್ರವಾದಿಯ ಜೀವನಚರಿತ್ರೆಗಳು, ಈ ಕುಲದವರು ಮಾತು ಮುರಿದ್ರು ಅಂತ ಹೇಳ್ತವೆ, ಅದನ್ನ ಸೀರಾದ ಮಾತು ಅಂತಲೇ ಬರೀರಿ. ಈ ಮೂರೂ ಹೆಸರು ಆ ಪತ್ರದಲ್ಲಿ ನೇರವಾಗಿ ಬರಲ್ಲ ಅನ್ನೋದನ್ನೂ ಸೇರಿಸಿ. ಇದನ್ನ ಮುಚ್ಚಿಟ್ರೆ ಗೊತ್ತಿರೋ ಓದುಗ ನೀವು ಬರೆದ ಒಳ್ಳೇದನ್ನೂ ನಂಬಲ್ಲ.

ಮದೀನಾದ ಉತ್ತರಕ್ಕಿರೋ ಖೈಬರನ್ನಂತೂ ನೀವು ಮುಟ್ಟೇ ಇಲ್ಲ! 628ರಲ್ಲಿ ಮುಸ್ಲಿಮರಿಗೆ ಸೋತ ಮೇಲೆ ಅಲ್ಲಿನ ಯಹೂದಿಗಳು ಖರ್ಜೂರದ ತೋಟ ನಾವೇ ನೋಡ್ಕೋತೀವಿ, ಫಸಲಲ್ಲಿ ಅರ್ಧ ನಿಮಗೆ ಅಂತ ಒಪ್ಪಿಕೊಂಡು ಅಲ್ಲೇ ಉಳಿದ್ರು. ಫಸಲು ಅಂದಾಜು ಮಾಡೋಕೆ ಪ್ರವಾದಿಯ ಸಂಗಾತಿ ಅಬ್ದುಲ್ಲಾ ಇಬ್ನ್ ರವಾಹಾ ಬರ್ತಿದ್ರು. ಒಂದ್ಸಲ ಲೆಕ್ಕ ಹಗುರ ಮಾಡ್ಲಿ ಅಂತ ಯಹೂದಿಗಳು ತಮ್ಮ ಹೆಂಗಸರ ಒಡವೆ ತಂದು ಮುಂದಿಟ್ರಂತೆ. ಇಬ್ನ್ ರವಾಹಾ ಮುಟ್ಲಿಲ್ಲ, ನಿಮ್ಮನ್ನ ಕಂಡ್ರೆ ನನಗಾಗಲ್ಲ, ಹಾಗಂತ ನಿಮಗೆ ಅನ್ಯಾಯ ಮಾಡಲ್ಲ ಅಂದ್ರು. ಅದಕ್ಕೆ ಯಹೂದಿಗಳು, ಭೂಮಿ ಆಕಾಶ ನಿಂತಿರೋದೇ ಇದರ ಮೇಲೆ ಅಂದ್ರಂತೆ. ಪ್ರೀತಿ ಇಲ್ಲ, ಆದ್ರೂ ಕರಾರು ನಡೀತಿದೆ, ಇಂಥ ಜಾಗ ಬಿಟ್ಟು ಸೌಹಾರ್ದದ ಭಾಷಣ ಯಾಕೆ? ನಾವು ಬಯಸೋ ತನಕ ಇರ್ತೀರಿ ಅನ್ನೋ ಷರತ್ತೂ ಅದರಲ್ಲಿತ್ತು, ಮುಂದೆ ಖಲೀಫ ಉಮರ್ ಆ ಯಹೂದಿಗಳನ್ನ ತೈಮಾ, ಜೆರಿಕೋ ಕಡೆ ಕಳ್ಸಿದ್ರು, ಅದನ್ನೂ ಬಿಡಬೇಡಿ.

ಮೊದಲು ಖೈಬರ್ ಭಾಗ ಬರೆದು ಕಳ್ಸಿ, ಎರಡು ಪುಟ ಸಾಕು. ಮದೀನಾ ಭಾಗ ಅದಾದ್ಮೇಲೆ ಕೂತು ನೋಡೋಣ.