ಹೃದಯದ ಮಾತ್ರೆಯಿಂದ ಹುಳುಕಡ್ಡಿ ವಾಸಿಯಾಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 62 ವರ್ಷ. ಬಿಪಿಗೆ ಆಮ್ಲೋಡಿಪಿನ್, ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ ನುಂಗುತ್ತಾರೆ. ತೊಡೆಸಂದಿಯ ಹುಳುಕಡ್ಡಿ ಎಷ್ಟು ಮುಲಾಮು ಹಚ್ಚಿದರೂ ಹೋಗುತ್ತಿಲ್ಲ. ಹೃದಯದ ಮಾತ್ರೆಗಳೂ ಫಂಗಸ್ ಕೊಲ್ಲುತ್ತವೆ ಅಂತ ಮೊಬೈಲಿನಲ್ಲಿ ಓದಿದೆ. ಇದೇ ಮಾತ್ರೆಗಳನ್ನು ಸ್ವಲ್ಪ ಜಾಸ್ತಿ ಕೊಡಬಹುದಾ?
– ಓದುಗರು, ಹಾಸನ

ಉತ್ತರ: ಬೇಡ, ದಯವಿಟ್ಟು ಬೇಡ. ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಪ್ರಯೋಗಾಲಯದ ಮಾತು. ನಮ್ಮ ಜೀವಕೋಶದ ಪೊರೆಗೆ ಕೊಲೆಸ್ಟ್ರಾಲ್ ಹೇಗೋ, ಫಂಗಸ್ಸಿನ ಪೊರೆಗೆ ಎರ್ಗೊಸ್ಟೆರಾಲ್ ಹಾಗೆ. ಎರಡೂ ತಯಾರಾಗುವ ದಾರಿಯ ಮೊದಲ ಭಾಗ ಒಂದೇ, ಸ್ಟಾಟಿನ್ (ಅಟೊರ್ವಾಸ್ಟಾಟಿನ್ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆ) ತಡೆಯುವುದು ಅಲ್ಲೇ, ಅದಕ್ಕೇ ಅದು ಫಂಗಸ್ಸಿಗೂ ತಾಗುತ್ತದೆ. ವಿಚಿತ್ರ ನೋಡಿ, 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಮೊದಲ ಸ್ಟಾಟಿನ್ ಕಂಡುಹಿಡಿದದ್ದೂ ಒಂದು ಫಂಗಸ್ಸಿನಲ್ಲೇ! ಎದೆಬಡಿತ ಸರಿಪಡಿಸುವ ಅಮಿಯೊಡರೋನ್ ಯೀಸ್ಟ್ ಎಂಬ ಫಂಗಸ್ಸಿನ ಕೋಶದೊಳಗಿನ ಕ್ಯಾಲ್ಸಿಯಂ ಲೆಕ್ಕವನ್ನೇ ಕೆಡಿಸುತ್ತದೆ. ಫ್ಲುಕೊನಜೋಲ್ ಎಂಬ ಫಂಗಸ್ ಔಷಧಿಗೆ ಬಗ್ಗದ ಕ್ಯಾಂಡಿಡಾ ಎಂಬ ಫಂಗಸ್ ಮೇಲೆ, ಆ ಔಷಧಿಯ ಜೊತೆ ಆಮ್ಲೋಡಿಪಿನ್ ಸೇರಿಸಿದಾಗ ಲ್ಯಾಬ್‌ನಲ್ಲಿ ಒಳ್ಳೆಯ ಫಲ ಕಂಡಿದೆ. ಫಂಗಸ್ ಔಷಧಿಗಳ ಬಗೆಗಳೇ ಕಡಿಮೆ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ 19 ಫಂಗಸ್‌ಗಳ ಎಚ್ಚರಿಕೆ ಪಟ್ಟಿ ಕೊಟ್ಟಿದೆ, ಹಾಗಾಗಿ ಈ ಸಂಶೋಧನೆ ನಡೆಯಲೇಬೇಕು ಅಂತ ನಾನೂ ಬಯಸುತ್ತೇನೆ.

ಆದರೆ ಲ್ಯಾಬ್‌ನಲ್ಲಿ ಫಂಗಸ್ ಸಾಯಲು ಬೇಕಾಗುವ ಪ್ರಮಾಣ ಸಾಮಾನ್ಯವಾಗಿ ಮಾತ್ರೆ ನುಂಗಿದಾಗ ರಕ್ತಕ್ಕೆ ಸೇರುವುದಕ್ಕಿಂತ ತುಂಬಾ ಜಾಸ್ತಿ. ಅಷ್ಟು ಕೊಡಲು ಹೋದರೆ ಹುಳುಕಡ್ಡಿ ಹೋಗುವ ಮೊದಲೇ ಬಿಪಿ ಕುಸಿಯುತ್ತದೆ, ಕಾಲು ಊದುತ್ತದೆ.

ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ಹುಳುಕಡ್ಡಿಗೆ ನಮ್ಮಲ್ಲಿ ಇಟ್ರಾಕೊನಜೋಲ್ ಎಂಬ ಫಂಗಸ್ ಔಷಧಿಯನ್ನು ಬಹಳ ಬರೆಯುತ್ತಾರೆ. ಅಟೊರ್ವಾಸ್ಟಾಟಿನ್, ಆಮ್ಲೋಡಿಪಿನ್ ಎರಡನ್ನೂ ಕರಗಿಸಿ ಹೊರಹಾಕುವ ಲಿವರ್ ಕಿಣ್ವವನ್ನೇ ಅದು ತಡೆಯುತ್ತದೆ, ಆಗ ನಿತ್ಯದ ಡೋಸೇ ರಕ್ತದಲ್ಲಿ ಏರಿ ಸ್ನಾಯುಗಳಿಗೆ, ಕೆಲವೊಮ್ಮೆ ಕಿಡ್ನಿಗೂ ಹಾನಿಯಾಗಬಹುದು. ಹಾರ್ಟ್ ಫೇಲ್ಯೂರ್ ಇದ್ದವರಿಗಂತೂ ಹುಳುಕಡ್ಡಿಗೆಂದು ಇದು ಬೇಡವೇ ಬೇಡ. ಚರ್ಮದ ಡಾಕ್ಟರ್ ಹತ್ತಿರ ಹೋಗುವಾಗ ತಂದೆಯ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಯ್ದು ತೋರಿಸಿ. ಯಾವುದನ್ನು ನಿಲ್ಲಿಸಬೇಕು, ಬದಲಿಸಬೇಕು ಅಂತ ಅವರೇ ಹೇಳಲಿ, ನೀವೇ ನಿಲ್ಲಿಸಬೇಡಿ. ಹಚ್ಚುತ್ತಿರುವ ಮುಲಾಮನ್ನೂ ಒಯ್ಯಿರಿ. ಅಂಗಡಿಯಲ್ಲಿ ಕೇಳಿ ತಂದ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ, ತುರಿಕೆ ನಿಂತಂತಾಗಿ ಒಳಗೊಳಗೇ ಹರಡುತ್ತದೆ, ವಾಸಿಯಾಗದಿರಲು ಅದೂ ಕಾರಣ ಇರಬಹುದು. ಹೊಸ ಮಾತ್ರೆ ಶುರುವಾದ ಮೇಲೆ ಮೈಕೈ ವಿಪರೀತ ನೋವು, ಸುಸ್ತು, ಮೂತ್ರ ಕಂದು ಬಣ್ಣ ಕಂಡರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.